ಇಲ್ಲದ ನಿಲ್ದಾಣದಿಂದ ಎರಡು ಟಿಕೆಟ್

ದುಡ್ಡು ಕೊಡದೆ ತಪ್ಪಿಸಿಕೊಂಡು ದಂಡ ಕಟ್ಟಿದವರನ್ನು ಎಲ್ಲರೂ ನೋಡಿರುತ್ತಾರೆ. ಕೊಡ್ತೀವಿ, ತಗೊಳ್ಳಿ ಅಂತ ಅಂಗಲಾಚಿ ದಂಡ ಕಟ್ಟಿದವರು ಈ ಲೋಕದಲ್ಲಿ ನಾವಿಬ್ಬರೇ ಇರಬೇಕು. ತಪ್ಪು ಯಾರದು ಅಂತ ಇವತ್ತಿಗೂ ನನಗೆ ತಲೆಬುಡ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೇನಾದರೂ ತಿಳಿದರೆ ನನಗೂ ಒಂದು ಮಾತು ಹೇಳಿ.

ನಮ್ಮ ಮನೆಯವರದು ತಕ್ಕಡಿ ರಿಪೇರಿ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಸವೆದ ತೂಕದ ಕಲ್ಲುಗಳ ಹೊಟ್ಟೆಗೆ ಸೀಸ ತುಂಬಿ ಸರಿಮಾಡುವುದು, ಬಾಗಿದ ಮುಳ್ಳನ್ನು ನೆಟ್ಟಗೆ ಮಾಡುವುದು, ಚಿನ್ನದಂಗಡಿಯವರ ಸಣ್ಣ ತಕ್ಕಡಿಗಳನ್ನು ಉಸಿರು ಬಿಗಿಹಿಡಿದು ಹೊಂದಿಸುವುದು, ಇಷ್ಟು ಕೆಲಸ. ಊರಿನವರು ಅವರಿಗೆ ಇಟ್ಟಿರುವ ಹೆಸರು ಗುಲಗಂಜಿ. ಗುಲಗಂಜಿಯಷ್ಟು ಹೆಚ್ಚುಕಡಿಮೆ ಆದರೂ ಊಟ ಸೇರದ ಮನುಷ್ಯ. ಮನೆಗೆ ಸಕ್ಕರೆ ತಂದರೆ ಮೊದಲು ತಕ್ಕಡಿ ತಟ್ಟೆಗೆ ಸುರಿದು ತೂಗಿ ನೋಡಿಯೇ ಒಳಗೆ ಕೊಡುವುದು. ಕಡಿಮೆ ಇದ್ದರೆ ಜಗಳಕ್ಕೆ ಹೋಗುತ್ತಾರೆ, ಸರಿ. ಜಾಸ್ತಿ ಇದ್ದರೂ ವಾಪಸು ಕೊಡಲು ಹೋಗುತ್ತಾರೆ. ಆಗ ನಾನು ಹಣೆ ಚಚ್ಚಿಕೊಳ್ಳುತ್ತೇನೆ.

ಊರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಹನ್ನೊಂದು ವರ್ಷದಿಂದ ಅವರ ಬಲಗೈ ನಡುಗುತ್ತದೆ. ಲೋಟ ಹಿಡಿಯಬಲ್ಲರು, ಸುತ್ತಿಗೆ ಹಿಡಿಯಬಲ್ಲರು, ಚಿಮಟ ಹಿಡಿಯಲಾರರು. ಸಣ್ಣ ಕೆಲಸವೆಲ್ಲ ನನ್ನ ಕೈಗೆ ಬಂತು. ಮೊದಮೊದಲು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಈಗ ಅವರು ಹೇಳುವ ಅಗತ್ಯವೂ ಇಲ್ಲ. ಗಿರಾಕಿ ಬಂದಾಗ ಅವರು ಮುಂದೆ, ನಾನು ಪರದೆಯ ಹಿಂದೆ. ಕಾಗದದ ಮೇಲೆ ಅಂಗಡಿಯಲ್ಲಿ ಕೆಲಸ ಮಾಡುವವರು ಅವರೊಬ್ಬರೇ. ಇದರ ಬಗ್ಗೆ ನಾವು ಮಾತಾಡಿದ್ದೂ ಇಲ್ಲ. ಗಂಡಹೆಂಡಿರ ನಡುವೆ ಕೆಲವು ವಿಷಯ ಹಾಗೇ ಇದ್ದುಬಿಡುತ್ತವೆ.

ಮೂರು ವರ್ಷಕ್ಕೊಮ್ಮೆ ಈ ಅಂಗಡಿಯ ಲೈಸೆನ್ಸು ಹೊಸದು ಮಾಡಿಸಬೇಕು. ಈ ಸಲ ಅರ್ಜಿ ತುಂಬಲು ನಾಲ್ಕು ದಿನ ತೆಗೆದುಕೊಂಡರು. ನಾನು ಬರೆದುಕೊಡ್ತೀನಿ ಅಂದರೆ, ‘ಬೇಡ, ನಾನೇ ಬರೀತೀನಿ’ ಅಂತ ತೋಳು ಅಡ್ಡ ಇಟ್ಟುಕೊಂಡು ಪರೀಕ್ಷೆ ಬರೆಯುವ ಮಗುವಿನ ಹಾಗೆ ಕೂತರು. ಒಂದೇ ಒಂದು ಕಡೆ ಮಾತ್ರ ನನಗೆ ಗಟ್ಟಿಯಾಗಿ ಓದಿ ಹೇಳಿದರು. ಒಂಬತ್ತನೇ ಕಲಂ. ಕಳೆದ ಮೂರು ವರ್ಷದಲ್ಲಿ ಯಾವುದಾದರೂ ಇಲಾಖೆ ನಿಮಗೆ ದಂಡ ಹಾಕಿದೆಯೇ? ಹಾಕಿದ್ದರೆ ಅರ್ಜಿ ವಿಚಾರಣೆಗೆ ಹೋಗುತ್ತದೆ, ವಿಚಾರಣೆ ಮುಗಿಯುವವರೆಗೆ ಅಂಗಡಿ ತೆರೆಯುವಂತಿಲ್ಲ. ಅದರ ಮುಂದೆ ‘ಇಲ್ಲ’ ಅಂತ ದಪ್ಪಗೆ ಬರೆದು, ಮೀಸೆ ತಿರುವಿಕೊಂಡರು. ಹೀಗೆ ಮೀನಮೇಷ ಎಣಿಸುತ್ತ ಕೂತು ಕೊನೆಯ ದಿನ ಬಂದೇ ಬಿಟ್ಟಿತು. ಮಧ್ಯಾಹ್ನ ಹನ್ನೆರಡಕ್ಕೆ ಕಚೇರಿಯ ಬಾಗಿಲು ಮುಚ್ಚುತ್ತದೆ, ಅಷ್ಟರೊಳಗೆ ಅರ್ಜಿ ಅಲ್ಲಿರಬೇಕು.

ಯಾವಾಗಲೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ಆ ವಾರ ಸೇತುವೆ ರಿಪೇರಿ ಅಂತ ಬಸ್ಸು ನಿಲ್ಲಿಸಿದ್ದರು. ಹಾಗಾಗಿ ರೈಲು.

ನಮ್ಮ ನಿಲ್ದಾಣಕ್ಕೆ ನಾವು ಕಾಲಿಡದೆ ಎಷ್ಟು ಕಾಲವಾಗಿತ್ತೋ. ಟಿಕೆಟ್ ಕೊಡುವ ಕಿಟಕಿಗೆ ಹಲಗೆ ಬಡಿದಿದ್ದರು. ಒಂದು ಬೆಂಚು, ಒಂದು ನಲ್ಲಿ, ಒಂದು ಬೋರ್ಡು. ನಮ್ಮ ಮನೆಯವರು ಬೋರ್ಡಿನ ಮುಂದೆ ನಿಂತು ಓದಿದರು. ‘ಈ ನಿಲ್ದಾಣದಲ್ಲಿ ಸಿಬ್ಬಂದಿ ಇರುವುದಿಲ್ಲ. ಪ್ರಯಾಣಿಕರು ರೈಲಿನೊಳಗೆ ಟಿಕೆಟ್ ಪಡೆಯತಕ್ಕದ್ದು.’ ಅದರ ಕೆಳಗೆ ಕೆಂಪಕ್ಷರದಲ್ಲಿ, ‘ಟಿಕೆಟ್ ಇಲ್ಲದೆ ರೈಲು ಹತ್ತುವುದು ಶಿಕ್ಷಾರ್ಹ ಅಪರಾಧ.’ ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದರು.

“ನೋಡು, ಮೇಲಿನದು ಹತ್ತು ಅನ್ನುತ್ತೆ. ಕೆಳಗಿನದು ಹತ್ತಬೇಡ ಅನ್ನುತ್ತೆ.”

“ಎರಡರ ಮಧ್ಯೆ ಜಾಗ ಇದೆಯಲ್ಲ, ಅಲ್ಲಿ ಹತ್ತೋಣ ಬನ್ನಿ,” ಅಂದೆ.

“ತಮಾಷೆ ಅಲ್ಲ. ಹತ್ತಿದ ಮೇಲೆ ಟಿಕೆಟ್. ಟಿಕೆಟ್ ಇಲ್ಲದೆ ಹತ್ತೋ ಹಾಗಿಲ್ಲ. ಇದರಲ್ಲಿ ಯಾವುದು ಮೊದಲು?”

ಅಷ್ಟರಲ್ಲಿ ನಮ್ಮ ಬೀದಿಯ ಕ್ಷೌರಿಕ ತನ್ನ ಕತ್ತರಿ ಪೆಟ್ಟಿಗೆ ಹಿಡಿದು ಬಂದ. ಅವನಿಗೆ ನಗರದಲ್ಲಿ ಕೆಲಸ, ದಿನಾ ಓಡಾಡುವವನು. ಇವರು ಬೋರ್ಡಿನ ಮುಂದೆ ನೆಟ್ಟು ನಿಂತದ್ದು ನೋಡಿ ಅವನಿಗೆ ಎಲ್ಲ ಅರ್ಥವಾಯಿತು.

“ಅದನ್ನ ಓದಬೇಡಿ ಅಣ್ಣ. ಓದಿದವರು ಯಾರೂ ರೈಲು ಹತ್ತಿಲ್ಲ. ಟಿಕೆಟ್ ಕೊಡೋವನು ಹತ್ತೋದೇ ಮುಂದಿನ ಜಂಕ್ಷನ್‌ನಲ್ಲಿ. ಬಂದು ‘ಜಂಕ್ಷನ್ನಾ?’ ಅಂತ ಕೇಳ್ತಾನೆ. ನೀವು ‘ಹೂಂ’ ಅನ್ನಿ. ಮುಗೀತು.”

“ನಾವು ಜಂಕ್ಷನ್‌ನಲ್ಲಿ ಹತ್ತಲ್ವಲ್ಲಯ್ಯ?”

“ಹತ್ತಲ್ಲ. ಆದರೆ ‘ಹೂಂ’ ಅನ್ನಬೇಕು. ಅವನಿಗೂ ಗೊತ್ತು, ನಮಗೂ ಗೊತ್ತು.”

ಒಂದು ವರ್ಷದಿಂದ ಊರಿನ ಜನ ಈ ಒಂದು ‘ಹೂಂ’ ಮೇಲೆ ನಗರಕ್ಕೆ ಹೋಗಿ ಬರುತ್ತಿದ್ದರಂತೆ. ನನಗೆ ಇದು ಚೆನ್ನಾಗಿಯೇ ಕಂಡಿತು. ನಮ್ಮವರ ಮುಖ ನೋಡಿದೆ. ಜಂಕ್ಷನ್‌ವರೆಗಿನ ಆರು ಮೈಲಿ ದಾರಿಯನ್ನು ಮನಸ್ಸಿನ ತಕ್ಕಡಿಗೆ ಹಾಕಿ ತೂಗುತ್ತಿದ್ದದ್ದು ಕಾಣುತ್ತಿತ್ತು.

ರೈಲು ಬಂತು, ಹತ್ತಿದೆವು. ನಾನು ಅವರನ್ನು ಕಿಟಕಿ ಪಕ್ಕ ಕೂರಿಸಿ ನಾನು ಈಚೆ ಕೂತೆ, ಮಾತಾಡುವ ಸಂದರ್ಭ ಬಂದರೆ ನಾನೇ ಮುಂದಿರಬೇಕು ಅಂತ. ಎದುರು ಸೀಟಿನಲ್ಲಿ ಕ್ಷೌರಿಕ. ಅವನ ಪಕ್ಕ ಬೂದು ಕೋಟಿನ ಹೆಂಗಸೊಬ್ಬಳು ಕಣ್ಣುಮುಚ್ಚಿ ಒರಗಿದ್ದಳು. ಆಚೀಚೆ ನಮ್ಮೂರಿನವರೇ ಹತ್ತು ಹನ್ನೆರಡು ಜನ.

ಜಂಕ್ಷನ್ ದಾಟಿತು. ಟಿಕೆಟ್ ಕೊಡುವವನು ಬಂದ. ಕೈಯಲ್ಲಿ ಅಂಗೈಯಗಲದ ಯಂತ್ರ. ಒಬ್ಬೊಬ್ಬರ ಮುಂದೆ ನಿಂತು ‘ಜಂಕ್ಷನ್ನಾ?’ ಅನ್ನುತ್ತಾನೆ, ಅವರು ‘ಹೂಂ’ ಅನ್ನುತ್ತಾರೆ, ಯಂತ್ರ ಕಿರ್ರನೆ ಒಂದು ಚೀಟಿ ಉಗುಳುತ್ತದೆ. ಎಷ್ಟು ಸಲೀಸು! ಕ್ಷೌರಿಕನಂತೂ ಅವನು ಕೇಳುವ ಮೊದಲೇ ‘ಹೂಂ’ ಅಂದ. ನಮ್ಮ ಸರದಿ ಬಂತು.

“ಜಂಕ್ಷನ್ನಾ?”

“ಹೂಂ,” ಅಂದೆ ನಾನು. ಕಿರ್ರ್. ಒಂದು ಟಿಕೆಟ್ ನನ್ನ ಕೈಗೆ ಬಂತು.

“ಅಲ್ಲ,” ಅಂದರು ನಮ್ಮವರು.

ನಾನು ಅವರ ತೊಡೆ ಚಿವುಟಿದೆ. ಅವರು ತೊಡೆ ಸವರಿಕೊಂಡು ಮುಂದುವರಿಸಿದರು.

“ನಾವು ಹಿಂದಿನ ನಿಲ್ದಾಣದಲ್ಲಿ ಹತ್ತಿದ್ದು. ಅಲ್ಲಿಂದ ಹಣ ತಗೊಳ್ಳಿ.”

ಅವನು ಯಂತ್ರವನ್ನು ಅವರ ಮುಂದೆ ಹಿಡಿದ. “ನೋಡಿ ಸರ್, ಇದರಲ್ಲಿ ಆ ಹೆಸರೇ ಇಲ್ಲ. ಕಿಟಕಿ ಮುಚ್ಚಿದ ದಿನವೇ ಪಟ್ಟಿಯಿಂದ ತೆಗೆದುಬಿಟ್ಟಿದ್ದಾರೆ.”

“ಹೆಸರು ಇಲ್ಲ ಅಂದರೆ ನಿಲ್ದಾಣ ಇಲ್ವಾ? ರೈಲು ಅಲ್ಲಿ ನಿಂತಿತಲ್ಲ?”

“ನಿಲ್ಲುತ್ತೆ ಸರ್.”

“ನಿಂತ ಮೇಲೆ ಹತ್ತಿದ್ವಿ. ಹತ್ತಿದ ಮೇಲೆ ಆರು ಮೈಲಿ ಬಂದ್ವಿ. ಅದಕ್ಕೆ ಯಾರು ದುಡ್ಡು ಕೊಡೋದು?”

“ಯಾರೂ ಬೇಡ ಸರ್. ದಮ್ಮಯ್ಯ, ಜಂಕ್ಷನ್ ಅನ್ನಿ.”

“ಪುಕ್ಕಟೆ ಬಂದ ಹಾಗಾಗುತ್ತಲ್ಲ? ಆರು ಮೈಲಿ ಟಿಕೆಟ್ ಇಲ್ಲದೆ ಬಂದಿದ್ದೀವಿ ಅಂತ ನಾನೇ ಹೇಳ್ತಾ ಇದ್ದೀನಿ, ನೀವು ತಗೊಳ್ಳಲ್ಲ ಅಂತೀರಲ್ಲ!”

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುವುದು ಇದಕ್ಕೇ. ಆಗ ಎದುರಿನ ಬೂದು ಕೋಟಿನ ಹೆಂಗಸು ಕಣ್ಣು ಬಿಟ್ಟಳು. ಕೋಟಿನ ಒಳಗಿಂದ ಒಂದು ಬಿಲ್ಲೆ ತೆಗೆದು ತೋರಿಸಿದಳು. ರೈಲಿನ ತನಿಖಾಧಿಕಾರಿ! ಟಿಕೆಟ್ ಕೊಡುವವನ ಮುಖ ಸುಣ್ಣ ಬಳಿದಂತಾಯಿತು. ಡಬ್ಬಿ ತುಂಬ ನಮ್ಮೂರಿನ ಜನ ಕುಂಬಳಕಾಯಿ ಕಳ್ಳರ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

“ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದೆ ಅಂದ್ರಾ?” ಕೇಳಿದಳು.

“ಹೌದು ಮೇಡಂ. ಅದಕ್ಕೇ ಟಿಕೆಟ್ ಕೇಳ್ತಾ ಇದ್ದೀನಿ.”

“ಅದು ಅಪರಾಧ ಅಂತ ಗೊತ್ತಾ?”

“ಬೋರ್ಡಿನಲ್ಲಿ ಓದಿದೆ.”

“ಓದಿಯೂ ಹತ್ತಿದ್ರಾ?”

“ಹತ್ತದೆ ಟಿಕೆಟ್ ತಗೊಳ್ಳೋದು ಹೇಗೆ ಅಂತ ಅದೇ ಬೋರ್ಡಿನಲ್ಲಿ ಬರೆದಿದ್ದರೆ ಹತ್ತುತ್ತಿರಲಿಲ್ಲ.”

ಆಕೆ ನಿಟ್ಟುಸಿರು ಬಿಟ್ಟಳು. ಕೆಟ್ಟವಳಲ್ಲ ಪಾಪ. “ನೋಡಿ ಯಜಮಾನ್ರೇ, ನಾನು ನಿದ್ದೆ ಮಾಡ್ತಿದ್ದೆ ಅಂತಲೇ ಇಟ್ಕೊಳ್ಳಿ. ನೀವು ಒಂದು ಸಲ ಹೇಳಿದ್ರಿ, ಕೇಳಿಸಲಿಲ್ಲ. ಎರಡು ಸಲ ಹೇಳಿದ್ರಿ, ಕೇಳಿಸಲಿಲ್ಲ. ಮೂರನೇ ಸಲ ಡಬ್ಬಿಗೆಲ್ಲ ಕೇಳೋ ಹಾಗೆ ಹೇಳಿದ ಮೇಲೆ ನಾನೇನು ಮಾಡಲಿ? ನಾಳೆ ನನ್ನ ಕೆಲಸ ಹೋಗುತ್ತೆ.” ದಂಡದ ಪುಸ್ತಕ ತೆಗೆದಳು. “ನಿಮ್ಮ ಜತೆ ಅಲ್ಲಿ ಇನ್ನೂ ಯಾರು ಯಾರು ಹತ್ತಿದ್ರು?”

ಕ್ಷೌರಿಕ ಕತ್ತರಿ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡ. ನಮ್ಮವರು ಒಂದು ಸುತ್ತು ಎಲ್ಲರ ಮುಖ ನೋಡಿ, “ನನ್ನದು ನಾನು ಹೇಳಿದೆ ಮೇಡಂ. ಬೇರೆಯವರ ತೂಕ ಅವರವರ ತಟ್ಟೇಲಿ,” ಅಂದರು. ಆ ಹೊತ್ತಿನಲ್ಲೂ ನನಗೆ ಅವರ ಮೇಲೆ ಸ್ವಲ್ಪ ಹೆಮ್ಮೆ ಬಂತು, ಸುಳ್ಳು ಹೇಳಬಾರದು. ಮರುಕ್ಷಣವೇ ಒಂಬತ್ತನೇ ಕಲಂ ನೆನಪಾಯಿತು. ಈ ಪುಸ್ತಕದಲ್ಲಿ ಇವರ ಹೆಸರು ಬಿದ್ದರೆ ಅಂಗಡಿ ಮುಚ್ಚಿದಂತೆ.

“ಇಬ್ಬರು ಇದ್ದೀರಿ. ಟಿಕೆಟ್ ಎಷ್ಟು ಹರಿದಿದೆ?” ಅಂತ ತನಿಖಾಧಿಕಾರಿ ಕೇಳಿದಳು.

“ಒಂದು ಮೇಡಂ,” ಅಂದ ಟಿಕೆಟ್ ಕೊಡುವವನು. “ಜಂಕ್ಷನ್ನಿಂದ.”

“ಯಂತ್ರದಲ್ಲಿ ಜಂಕ್ಷನ್ ಅಂತ ಬಂದ ಮೇಲೆ ಆ ಒಬ್ಬರು ಜಂಕ್ಷನ್ನಲ್ಲೇ ಹತ್ತಿದ ಹಾಗೆ. ಅದನ್ನ ನಾನು ಕೇಳಲ್ಲ. ಟಿಕೆಟ್ ಇಲ್ಲದ ಇನ್ನೊಬ್ಬರು ಯಾರು? ಹೆಸರು ಹೇಳಿ.”

ಟಿಕೆಟ್ ನನ್ನ ಮುಷ್ಟಿಯಲ್ಲಿತ್ತು. ನನಗೆ ಎಲ್ಲಿಂದ ಧೈರ್ಯ ಬಂತೋ, ಅದನ್ನು ನಮ್ಮವರ ಅಂಗಿ ಜೇಬಿಗೆ ತುರುಕಿದೆ. “ಟಿಕೆಟ್ ಅವರದು. ನೋಡಿ, ಅವರ ಜೇಬಲ್ಲೇ ಇದೆ. ಇಲ್ಲದವಳು ನಾನು. ನನ್ನ ಹೆಸರು ಬರ್ಕೊಳ್ಳಿ.”

“ಏ, ಏನಿದು? ನಾನಲ್ವಾ ಹೇಳಿದ್ದು?” ಅಂತ ಅವರು ಎದ್ದೇಳಹೋದರು. ಈ ಸಲ ಚಿವುಟಿದ್ದು ರಕ್ತ ಬರುವಂತಿತ್ತು. ಕೂತರು.

ತನಿಖಾಧಿಕಾರಿ ನಾನು ತುರುಕಿದ್ದನ್ನು ನೋಡಿದ್ದಳು. ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ಒಂದು ಮಾತಾಡದೆ ನನ್ನ ಹೆಸರು ಬರೆದುಕೊಂಡಳು. ನಗರದಲ್ಲಿ ಊಟ ಮಾಡೋಣ ಅಂತ ಇಟ್ಟುಕೊಂಡಿದ್ದ ದುಡ್ಡೆಲ್ಲ ದಂಡಕ್ಕೆ ಹೋಯಿತು. ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗಿಟ್ಟೆ. ಅಂಗಡಿ ಉಳಿಯಿತಲ್ಲ ಅಂತ ನನ್ನ ಸಮಾಧಾನ.

ಅವರಿಗೆಲ್ಲಿ ಸಮಾಧಾನ? ದಾರಿಯುದ್ದಕ್ಕೂ ಜೇಬಿನಿಂದ ಟಿಕೆಟ್ ತೆಗೆಯುವುದು, ನೋಡುವುದು, ಒಳಗಿಡುವುದು.

“ಇದು ನನ್ನದಾ?” ಅಂತ ಪಿಸುಗುಟ್ಟಿದರು.

“ನಿಮ್ಮ ಜೇಬಲ್ಲಿದೆಯಲ್ಲ.”

“ನಾನು ಬೇಡ ಅಂದಿದ್ದೆ. ‘ಹೂಂ’ ಅಂದವಳು ನೀನು, ಟಿಕೆಟ್ ನಿನ್ನದು. ‘ಅಲ್ಲ’ ಅಂದವನು ನಾನು, ದಂಡ ನನ್ನದು. ಈಗ ಸುಳ್ಳು ಹೇಳಿದವಳಿಗೆ ದಂಡ ಬಿತ್ತು, ನಿಜ ಹೇಳಿದವನಿಗೆ ಟಿಕೆಟ್ ಸಿಕ್ತು. ಲೆಕ್ಕದಲ್ಲಿ ಇದು ಸರೀನೇ ಅನ್ಸುತ್ತೆ. ಆದರೆ ಆದದ್ದು ಹಾಗಲ್ಲ.”

ನನಗೂ ಒಂದು ಗಳಿಗೆ ತಲೆ ಗಿರ್ರೆಂದಿತು. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ? ನಿಜವಾಗಿ ಟಿಕೆಟ್ ಇದ್ದವಳು ನಾನು. ಇಲ್ಲ ಅಂತ ಹೇಳಿ ದಂಡ ಕಟ್ಟಿದೆ. ಆದರೆ ಆ ಟಿಕೆಟ್ಟೂ ನಿಜವಲ್ಲ, ಜಂಕ್ಷನ್‌ನಲ್ಲಿ ನಾನು ಹತ್ತಲೇ ಇಲ್ಲ. ಹಾಗಾದರೆ ದಂಡ ಬಿದ್ದದ್ದು ಸರಿ. ಸರಿಯಾದರೆ ನಾನು ಹೇಳಿದ ಸುಳ್ಳು ನಿಜವಾಯಿತಲ್ಲ? ಕ್ಷೌರಿಕ ಇಳಿಯುವ ಮೊದಲು ನನ್ನ ಕಡೆ ಬಾಗಿ, “ಅಕ್ಕ, ಒಂದು ‘ಹೂಂ’ಗೆ ಏನಾಗ್ತಿತ್ತು?” ಅಂದ.

ನಗರದ ನಿಲ್ದಾಣದಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಕಚೇರಿಗೆ ಕಾಲ್ನಡಿಗೆಯಲ್ಲಿ ಅರ್ಧ ಗಂಟೆ. ನಾನು ಸೆರಗು ಸಿಕ್ಕಿಸಿಕೊಂಡು ಹೊರಟರೆ, ಇವರು ಮಾಯ. ನೋಡುತ್ತೇನೆ, ಟಿಕೆಟ್ ಕಿಟಕಿಯ ಮುಂದೆ ನಿಂತಿದ್ದಾರೆ!

“ಆರು ಮೈಲಿಯ ಬಾಕಿ ಕಟ್ಟಬೇಕಿತ್ತು,” ಅನ್ನುತ್ತಿದ್ದರು.

ಕಿಟಕಿಯವನು ದೊಡ್ಡ ಪುಸ್ತಕ ತಿರುವಿದ. ಕಂಪ್ಯೂಟರ್ ನೋಡಿದ. ಪಕ್ಕದ ಕಿಟಕಿಯವನನ್ನು ಕೇಳಿದ. “ಆ ನಿಲ್ದಾಣ ಇಲ್ಲ ಸರ್.”

“ಇದೆ. ಅಲ್ಲಿಂದಲೇ ಬಂದ್ವಿ.”

“ಇರಬಹುದು. ಆದರೆ ಇಲ್ಲ. ಇಲ್ಲದ ನಿಲ್ದಾಣಕ್ಕೆ ದರ ಇಲ್ಲ. ದರ ಇಲ್ಲ ಅಂದ ಮೇಲೆ ಬಾಕಿ ಎಲ್ಲಿಂದ ಬಂತು?”

“ಬಾಕಿ ಇಲ್ಲ ಅಂದ ಮೇಲೆ ನನ್ನ ಹೆಂಡತಿಗೆ ದಂಡ ಯಾಕೆ ಬಿತ್ತು?”

ಅವನು ಕನ್ನಡಕ ತೆಗೆದು ಒರೆಸಿಕೊಂಡ. “ಅದು ನಿಲ್ದಾಣಕ್ಕಲ್ಲ ಸರ್, ರೈಲಿಗೆ.”

ನಮ್ಮವರು ಇದನ್ನು ಒಪ್ಪಬೇಕೋ ಬಿಡಬೇಕೋ ಅಂತ ಯೋಚಿಸುತ್ತಿರುವಾಗಲೇ ನಾನು ಅಂಗಿ ತೋಳು ಹಿಡಿದು ಎಳೆದುಕೊಂಡು ಹೊರಟೆ. ರಸ್ತೆ ದಾಟುವಾಗಲೂ ಅವರದು ಅದೇ ಗುನುಗು. “ಒಂಬತ್ತನೇ ಕಲಂಗೆ ಇಲ್ಲ ಅಂತ ಬರೆದಿದ್ದೀನಿ. ಅದು ಈಗಲೂ ಇಲ್ಲ ತಾನೇ? ಆದರೆ ಬೀಳಬೇಕಾಗಿದ್ದು ನನಗೆ. ಬೀಳಬೇಕಾಗಿದ್ದು ಬೀಳದೆ ಇದ್ದರೆ, ಬಿದ್ದ ಹಾಗಾ, ಬೀಳದ ಹಾಗಾ?”

“ರೀ, ಬಾಯಿ ಮುಚ್ಚಿಕೊಂಡು ನಡೀರಿ. ಮೊಹರು ಬೀಳಲಿ ಸಾಕು,” ಅಂದೆ. ನನ್ನ ಹೊಟ್ಟೆ ಚುರುಗುಡುತ್ತಿತ್ತು, ಬಿಸಿಲಿಗೆ ತಲೆ ಸುಡುತ್ತಿತ್ತು, ಇವರ ಸತ್ಯ ಬೇರೆ.

ತೂಕ-ಅಳತೆ ಕಚೇರಿ ಎರಡನೇ ಮಹಡಿ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಕಬ್ಬಿಣದ ಬೀರು, ಒಂದರ ಮೇಲೆ ಮುರಿದ ತಕ್ಕಡಿಗಳ ರಾಶಿ. ಮೇಜಿನ ಹಿಂದೆ ನೆಗಡಿ ಹಿಡಿದ ಗುಮಾಸ್ತ, ಮೂಗಿಗೆ ಕರವಸ್ತ್ರ. ಗಡಿಯಾರದಲ್ಲಿ ಹನ್ನೆರಡಕ್ಕೆ ಹದಿನೈದು ನಿಮಿಷ. ನನಗೆ ಹೋದ ಜೀವ ಬಂದಂತಾಯಿತು.

ಅವನು ಅರ್ಜಿ ತೆಗೆದುಕೊಂಡು ಬೆರಳಿಟ್ಟು ಓದತೊಡಗಿದ. ಹೆಸರು, ಸರಿ. ವಿಳಾಸ, ಸರಿ. ಒಂಬತ್ತನೇ ಕಲಂ, ದಂಡ ಇಲ್ಲ, ಸರಿ. ನಾನು ಉಸಿರು ಬಿಟ್ಟೆ. ಅವನು ಹಾಳೆ ಮಗುಚಿದ.

“ಹದಿನಾಲ್ಕು. ಅಂಗಡಿಯಲ್ಲಿ ಕೆಲಸ ಮಾಡುವ ಇತರರು. ಇದರಲ್ಲಿ ಯಾವಾಗಲೂ ಯಾರೂ ಇಲ್ಲ ಅಂತ ಬರೀತಿದ್ರಿ ಅಲ್ವಾ? ಈ ಸಲ ಒಬ್ಬರನ್ನ ಬರೆದಿದ್ದೀರಿ.” ಮೂಗು ಒರೆಸಿಕೊಂಡು ಓದಿದ. ನನ್ನ ಹೆಸರು ಓದಿದ. “ಹೆಂಡತಿ. ಹನ್ನೊಂದು ವರ್ಷದ ಅನುಭವ. ಸೂಕ್ಷ್ಮ ತಕ್ಕಡಿಗಳ ಸಂಪೂರ್ಣ ಕೆಲಸ ಇವರದೇ.”

ನಾನು ನಮ್ಮವರ ಕಡೆ ತಿರುಗಿದೆ. ಅವರು ಫ್ಯಾನ್ ನೋಡುತ್ತಿದ್ದರು.

“ಇವರೇನಾ? ಒಳ್ಳೇದಾಯ್ತು, ಜತೇಲೇ ಬಂದಿದ್ದೀರಿ,” ಅಂದ ಗುಮಾಸ್ತ. “ಒಂಬತ್ತನೇ ಕಲಂ ಇವರಿಗೂ ಅನ್ವಯಿಸುತ್ತೆ. ಅಮ್ಮಾ, ದಂಡ ಗಿಂಡ ಏನೂ ಇಲ್ಲ ತಾನೇ? ಇಲ್ಲಿ, ನಿಮ್ಮ ಹೆಸರಿನ ಮುಂದೆ, ‘ಇಲ್ಲ’ ಅಂತ ಬರೆದು ರುಜು ಹಾಕಿ.”

ಪೆನ್ನು ನನ್ನ ಕೈಗೆ ಬಂತು. ನನಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಇವರ ಕತ್ತು ಹಿಸುಕುವಷ್ಟು ಸಿಟ್ಟು ಬಂತು.

“ಏನ್ರೀ ಇದು?”

“ಹೇಳೋಣ ಅಂತಿದ್ದೆ. ಮೊಹರು ಬಿದ್ದ ಮೇಲೆ ತೋರಿಸೋಣ ಅಂತ,” ಅಂದರು ಮೆಲ್ಲಗೆ.

“ಬೆಳಿಗ್ಗೆ ರೈಲಲ್ಲೇ ಹೇಳೋಕೆ ಏನಾಗಿತ್ತು?”

“ಮಾತಾಡೋಕೆ ಬಿಟ್ಟೆಯಾ? ತೊಡೆ ಬಾತುಕೊಂಡಿದೆ.”

ಗುಮಾಸ್ತ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡಿದ. ನಾನು ದನಿ ಸರಿಮಾಡಿಕೊಂಡೆ. “ಸ್ವಾಮಿ, ಇವರು ತಪ್ಪಾಗಿ ಬರೆದಿದ್ದಾರೆ. ನಾನು ಅಡುಗೆ ಮಾಡಿಕೊಂಡಿರೋಳು. ತಕ್ಕಡಿ ಪಕ್ಕಡಿ ನನಗೇನು ಗೊತ್ತು? ಆ ಸಾಲು ತೆಗೆದುಬಿಡಿ.”

“ತೆಗೀಬಹುದಲ್ಲ. ಆ ಹೆಸರಿನ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ರುಜು ಹಾಕಿ. ಈಗಲೇ ಮೊಹರು ಒತ್ತಿ ಕೊಡ್ತೀನಿ. ಬೇಗ ಅಮ್ಮಾ, ಹನ್ನೆರಡಾಗ್ತಾ ಬಂತು.”

ಅರ್ಜಿಯನ್ನು ನಮ್ಮವರ ಮುಂದೆ ಸರಿಸಿದೆ. ಅವರು ಅದನ್ನು ನನ್ನ ಮುಂದಕ್ಕೇ ವಾಪಸು ಸರಿಸಿದರು.

“ಇಷ್ಟು ವರ್ಷ ‘ಯಾರೂ ಇಲ್ಲ’ ಅಂತ ನಾನೇ ಬರೀತಾ ಬಂದೆ. ನಮ್ಮ ಅಂಗಡೀಲಿ ತೂಕ ತಪ್ಪಿದ್ದು ಅದೊಂದೇ. ಇನ್ನು ನನ್ನ ಕೈಲಿ ಆಗಲ್ಲ. ಹೆಸರು ನಿನ್ನದು. ಎಳೀಬೇಕು ಅನ್ನಿಸಿದರೆ ನೀನೇ ಎಳಿ. ನಾನು ಏನೂ ಅನ್ನಲ್ಲ.”

ಬೆಳಿಗ್ಗೆಯಿಂದ ನಾನು ಒದ್ದಾಡಿದ್ದೆಲ್ಲ ಆ ಮೊಹರಿಗಾಗಿ. ಒಂದು ಗೆರೆ ಎಳೆದರೆ ಮುಗಿಯಿತು. ಪೆನ್ನು ಕಾಗದಕ್ಕೆ ತಾಗಿಸಿದೆ. ಹಾಗೆ ತಾಗಿಸಿದ್ದರಿಂದಲೇ ಆ ಸಾಲನ್ನು ಓದಬೇಕಾಗಿ ಬಂತು. ಅಕ್ಷರಗಳು ಅತ್ತಿತ್ತ ವಾಲಿದ್ದವು. ಒಂದೊಂದನ್ನೂ ತಿದ್ದಿ ತಿದ್ದಿ ಬರೆದಿದ್ದರು. ನಾಲ್ಕು ದಿನ ತೋಳು ಅಡ್ಡ ಇಟ್ಟುಕೊಂಡು ಬರೆದದ್ದು ಇದನ್ನು. ‘ಸಂಪೂರ್ಣ ಕೆಲಸ ಇವರದೇ.’ ಹನ್ನೊಂದು ವರ್ಷದಲ್ಲಿ ಈ ಮಾತನ್ನು ಈ ಮನುಷ್ಯ ನನ್ನ ಮುಖಕ್ಕೆ ಒಂದು ದಿನ ಹೇಳಿದ್ದಿಲ್ಲ. ಕೂದಲೆಳೆ ವ್ಯತ್ಯಾಸವಿಲ್ಲದೆ ತಕ್ಕಡಿ ಹೊಂದಿಸಿಟ್ಟರೂ ‘ಪರವಾಗಿಲ್ಲ’ ಅಂತಿದ್ದರು, ಅಷ್ಟೆ. ನನಗೂ ಅದು ಬೇಕು ಅಂತ ಗೊತ್ತಿರಲಿಲ್ಲ. ಓದಿದ ಮೇಲೆ ಗೊತ್ತಾಯಿತು. ನನಗೆ ಆಸೆಯಾಯಿತು. ಆ ಸಾಲು ಅಲ್ಲಿಯೇ ಇರಲಿ ಅನ್ನುವ ಹಾಳು ಆಸೆ.

‘ಇಲ್ಲ’ ಅಂತ ಬರೆದುಬಿಡಬಹುದಿತ್ತು. ರಸೀದಿ ಪರ್ಸಿನೊಳಗಿತ್ತು, ಯಾರು ನೋಡುತ್ತಾರೆ? ಹೆಸರೂ ಉಳಿಯುತ್ತಿತ್ತು, ಅಂಗಡಿಯೂ ಉಳಿಯುತ್ತಿತ್ತು. ಹಾವೂ ಸಾಯುತ್ತಿತ್ತು, ಕೋಲೂ ಮುರಿಯುತ್ತಿರಲಿಲ್ಲ. ರೈಲಿನಲ್ಲಿ ಅಷ್ಟು ಸಲೀಸಾಗಿ ‘ಹೂಂ’ ಅಂದ ಹೆಂಗಸಿಗೆ ಇದೇನು ದೊಡ್ಡದು? ಆದರೆ ಅಲ್ಲಿ ಅಂದದ್ದು ಯಾರೋ ಒಬ್ಬ ಪ್ರಯಾಣಿಕಳು. ಇಲ್ಲಿ ಅಂಗಡಿಯ ಕಾಗದದಲ್ಲಿ ಮೊದಲ ಸಲ ನನ್ನ ಹೆಸರು ಬಂದಿದೆ, ಅದರ ಮುಂದೆ ನಾನು ಬರೆಯುವ ಮೊದಲ ಮಾತೇ ಸುಳ್ಳಾದರೆ? ಬೆರಳು ಮುಂದಕ್ಕೆ ಹೋಗಲಿಲ್ಲ. ಪರ್ಸು ತೆಗೆದು ರಸೀದಿಯ ಮಡಿಕೆ ಬಿಡಿಸಿ ಮೇಜಿನ ಮೇಲಿಟ್ಟೆ. ಹೆಸರಿನ ಮುಂದೆ ‘ಹೌದು’ ಅಂತ ಬರೆದು ರುಜು ಹಾಕಿದೆ.

ಗುಮಾಸ್ತ ರಸೀದಿ ನೋಡಿದ, ತಾರೀಕು ನೋಡಿದ, ನನ್ನನ್ನು ನೋಡಿದ. “ಇವತ್ತಿಂದೇ! ಯಾಕಮ್ಮಾ? ಒಂದು ಗೆರೆ ಎಳೆದಿದ್ರೆ ಆಗ್ತಿತ್ತಲ್ಲ?”

“ನನಗೂ ಗೊತ್ತಿಲ್ಲ ಸ್ವಾಮಿ,” ಅಂದೆ. ನಿಜವಾಗಿ ಗೊತ್ತಿರಲಿಲ್ಲ.

ಅವನು ಒಂದು ಸೀನು ಸೀನಿ, ಮೊಹರನ್ನು ಪಕ್ಕಕ್ಕಿಟ್ಟು, ಅರ್ಜಿಯನ್ನು ಬೇರೆ ಕಂತೆಗೆ ಸೇರಿಸಿದ. ವಿಚಾರಣೆಗೆ ಮೂರು ತಿಂಗಳು. ಅಷ್ಟರವರೆಗೆ ಒಂದು ಕಲ್ಲನ್ನೂ ಮುಟ್ಟುವ ಹಾಗಿಲ್ಲ. ಆಮೇಲೆ ಲೈಸೆನ್ಸು ಸಿಗಬಹುದು, ಸಿಗದೆಯೂ ಇರಬಹುದು. ಕೈಗೆ ಸಿಕ್ಕಿದ್ದು ಅರ್ಜಿ ಮುಟ್ಟಿದ್ದಕ್ಕೆ ಒಂದು ಚೀಟಿ.

ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತೆವು. ಹಿಂದೆ ಕಚೇರಿಯ ಬಾಗಿಲು ಎಳೆದುಕೊಂಡ ಸದ್ದಾಯಿತು. ನನಗೆ ಅಳು ಬರುತ್ತಿತ್ತು. ಜಗಳವನ್ನೂ ಆಡಬೇಕಾಗಿತ್ತು. ಯಾವುದನ್ನು ಮೊದಲು ಮಾಡುವುದು ಅಂತ ತಿಳಿಯಲಿಲ್ಲ.

“ಹನ್ನೊಂದು ವರ್ಷದಿಂದ ಎದೆ ಮೇಲೆ ಕಲ್ಲು ಹೇರಿದ ಹಾಗಿತ್ತು. ಈಗ ಹಗುರ ಆಯ್ತು,” ಅಂದರು ನಮ್ಮವರು.

“ಎದೆ ಹಗುರ ಆಯ್ತಲ್ಲ, ಇನ್ನು ಮೂರು ತಿಂಗಳು ಹೊಟ್ಟೇನೂ ಹಗುರ. ಏನು ತಿನ್ನೋದು? ಗಿರಾಕಿಗಳಿಗೆ ಏನು ಹೇಳೋದು?”

“ನೀನೇ ಹೇಳು. ಅಂಗಡಿ ಈಗ ನಿಂದೂ ಹೌದಲ್ಲ.”

“ಚೆನ್ನಾಗಿದೆ ರೀ! ಬಾಗಿಲು ತೆಗೆದಿದ್ದಷ್ಟು ದಿನ ನಿಮ್ಮದು, ಬೀಗ ಬಿದ್ದ ದಿನ ನಂದು!” ಅಂದೆ.

ಅವರು ನಕ್ಕರು. ನನಗೂ ನಗು ಬಂತು, ಜತೆಗೇ ಅಳುವೂ ಬಂತು. ಅವರ ಕೈಯಿಂದ ಆ ಚೀಟಿಯನ್ನು ಕಿತ್ತುಕೊಂಡು ನೋಡಿದೆ. ಅರ್ಜಿದಾರರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಗುಮಾಸ್ತ ಬರೆದಿದ್ದ. ಅದನ್ನು ಅವರಿಗೆ ವಾಪಸು ಕೊಡಲಿಲ್ಲ.